ಬಯಲಾಟದ ಚೆಂಡೆ ಅಷ್ಟು ದೂರ ಹೇಗೆ ಕೇಳುತ್ತೆ?

ಬೇಸಿಗೆಯಲ್ಲಿ ಮುಂಡಾಜೆ ಕಡೆ ಹೋದವರಿಗೆ ಇದು ಗೊತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿರ್ತಾರೆ. ಆಟ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಿಲ್ಲ, ಚೆಂಡೆ ಸದ್ದಿನ ಕಡೆ ನಡೆದರೆ ಸಾಕು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ಒಂದು ಆಟಕ್ಕಾದ್ರೂ ಹೋಗೋಣ. ಹೋಗುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಭಾಗವತರ ಹಾಡು ಮತ್ತು ಜಾಗಟೆ, ಜೊತೆಗೆ ಮದ್ದಳೆ, ಚೆಂಡೆ, ಚಕ್ರತಾಳ ಇರುತ್ತವೆ. ಮದ್ದಳೆಯ ಬಲಗಡೆ ಮುಚ್ಚಿಗೆಗೆ ಕಪ್ಪು ಕರಣೆ ಹಾಕಿರ್ತಾರೆ. ಬರೀ ಚರ್ಮದ ಕಂಪನಗಳಲ್ಲಿ ಸ್ವರ ಸ್ಪಷ್ಟವಾಗಿ ನಿಲ್ಲೋದಿಲ್ಲ. ನಡುವೆ ಕರಣೆಯ ತೂಕ ಬಿದ್ದಾಗ ಆ ಆವರ್ತಾಂಕಗಳು 1, 2, 3 ಎಂಬ ಅನುಪಾತಕ್ಕೆ ಹತ್ತಿರ ಬರುತ್ತವೆ. ಮೃದಂಗ, ತಬಲಾಗಳ ಈ ಗುಣದ ಬಗ್ಗೆ ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಹಾಗಾಗಿ ಮದ್ದಳೆಯನ್ನು ಭಾಗವತರ ಶ್ರುತಿಗೆ ಸೇರಿಸಬಹುದು. ತೆಂಕಿನ ಚೆಂಡೆಗೆ ಕರಣೆ ಇಲ್ಲ. ಅದರ ಕೆಲಸ ಅಬ್ಬರ.

ಈಗ ದೂರದ ಲೆಕ್ಕ. ಬಯಲಲ್ಲಿ ದೂರ ಎರಡು ಪಟ್ಟಾದಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರ್ ದೂರದಲ್ಲಿ ಸದ್ದು 100 ಡೆಸಿಬೆಲ್ ಇದೆ ಅಂದುಕೊಳ್ಳೋಣ. 512 ಮೀಟರ್‌ಗೆ ಹೋದರೆ ದೂರ 9 ಸಲ ಇಮ್ಮಡಿಯಾಗಿರುತ್ತದೆ. ಅಂದರೆ 54 ಕಳೆದು 46 ಉಳೀತು.

ಹಗಲಲ್ಲಿ ಇಷ್ಟೂ ಸಿಗೋದಿಲ್ಲ. ನೆಲ ಕಾದು ಕೆಳಗಿನ ಗಾಳಿ ಬಿಸಿಯಾಗಿರುತ್ತದೆ. ಬಿಸಿ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು, ಆದ್ದರಿಂದ ಅಲೆ ಮೇಲಕ್ಕೆ ಬಾಗಿ ನಮ್ಮ ತಲೆ ಮೇಲೆ ಹೋಗಿಬಿಡುತ್ತದೆ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ ಇದು ಉಲ್ಟಾ. ನೆಲ ಬೇಗ ತಣಿಯುತ್ತದೆ, ಚಾರ್ಮಾಡಿ ಗುಡ್ಡಗಳಿಂದ ತಂಪು ಗಾಳಿಯೂ ತಗ್ಗಿಗೆ ಇಳಿಯುತ್ತದೆ. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಆಗ ಸದ್ದು ನೆಲದ ಕಡೆಗೇ ಬಾಗಿ ಅಡಿಕೆ ತೋಟದಾಚೆಗೂ ಮುಟ್ಟುತ್ತದೆ.

ಇಲ್ಲೇ ಒಂದು ತೊಡಕಿದೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್. ಧ್ವನಿವರ್ಧಕಕ್ಕೂ ಆ ಹೊತ್ತಿನಲ್ಲಿ ನಿರ್ಬಂಧ ಇದೆ. ಹಲವು ಮೇಳಗಳು ಈಗ ಕಾಲಮಿತಿ ಆಟ ಆಡುತ್ತವೆ. ಬೆಳಗಿನ ಜಾವದ ಪದಗಳನ್ನು ಕೇಳಿ ಬೆಳೆದವರಿಗೆ ಇದು ನಷ್ಟವೇ. ಆದರೆ ಅರ್ಧ ಕಿಲೋಮೀಟರ್ ಆಚೆ ಹುಷಾರಿಲ್ಲದೆ ಮಲಗಿದವರ ನಿದ್ದೆಯೂ ಸಣ್ಣ ವಿಷಯ ಅಲ್ಲ. ಸಂಜೆಗಿಂತ ರಾತ್ರಿ ಸದ್ದು ತಾನಾಗೇ ದೂರ ಹೋಗುತ್ತೆ ಅಂತ ಗೊತ್ತಿದ್ದರೆ, ಹೊತ್ತೇರಿದ ಹಾಗೆ ವಾಲ್ಯೂಮ್ ಇಳಿಸಬಹುದು. ಸ್ಪೀಕರ್‌ಗಳನ್ನು ಸ್ವಲ್ಪ ಕೆಳಗೆ, ಪ್ರೇಕ್ಷಕರ ಕಡೆಗೆ ಬಾಗಿಸಬಹುದು.

ಹಿಂದೆ ಕೂತವರಿಗೆ ಇನ್ನೊಂದು ಸ್ಪೀಕರ್ ಇಟ್ಟರೆ ಸಮಯದ ಲೆಕ್ಕವೂ ಬೇಕು. 25 ಡಿಗ್ರಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ಹೋಗುತ್ತದೆ. ರಂಗಸ್ಥಳದಿಂದ 35 ಮೀಟರ್ ಹಿಂದಿನ ಸ್ಪೀಕರ್‌ಗೆ ತಂತಿಯಲ್ಲಿ ಸಿಗ್ನಲ್ ತಕ್ಷಣ ಬರುತ್ತೆ, ನೇರ ಸದ್ದು 0.1 ಸೆಕೆಂಡ್ ತಡವಾಗಿ. ಆಗ ಒಂದು ಪೆಟ್ಟು ಎರಡಾಗಿ ಕೇಳಿ ತ್ರಿವುಡೆಯ ಏಳು ಮಾತ್ರೆಗಳ ಲೆಕ್ಕ ಕಲಸಿಹೋಗುತ್ತದೆ. ಮಿಕ್ಸರ್‌ನಲ್ಲಿ ಅಷ್ಟೇ ಡಿಲೇ ಕೊಟ್ಟರೆ ಸರಿಹೋಗುತ್ತೆ.

ಕೇಳುಗರಾಗಿ ನಾವು ಮಾಡಬಹುದಾದ್ದು ಸುಲಭ: ಸ್ಪೀಕರ್ ಪಕ್ಕ ಬಿಟ್ಟು, ರಂಗಸ್ಥಳದ ಎದುರು ನಡುವೆ, ಹತ್ತಿರ ಕೂರೋದು. ಚೆಂಡೆ ನಿಂತು ಬರೀ ಮದ್ದಳೆ ಉಳಿದಾಗ ಕಿವಿ ಕೊಡಿ. ಭಾಗವತರ ಸ್ವರವೂ ಮದ್ದಳೆಯ ನಾದವೂ ಒಂದೇ ಶ್ರುತಿಯಲ್ಲಿ ಸೇರುವುದು ಅಲ್ಲೇ ಚೆನ್ನಾಗಿ ಕೇಳುತ್ತೆ.