ನಾಡು, ನುಡಿ, ಮತಗಳ ಅಭಿಮಾನವೂ ದೇಶಾಭಿಮಾನವೂ

‘ಅಭಿಮಾನ’ವೆಂಬ ಶಬ್ದವು ವಿಚಾರಾರ್ಹವಾದುದು. ಲೋಕರೂಢಿಯಲ್ಲಿ ಅದಕ್ಕೆ ಪ್ರೀತಿ, ಗೌರವ ಎಂದರ್ಥ. ಸಾಂಖ್ಯಶಾಸ್ತ್ರದಲ್ಲಾದರೋ ಅದು ಅಹಂಕಾರದ ಲಕ್ಷಣ. ‘ಇದು ನನ್ನದು’ ಎಂಬ ಪ್ರೀತಿಯು ‘ಇದು ನಿನ್ನದಲ್ಲ’ ಎಂಬ ಹಟವಾಗಿ ಬೆಳೆಯುವದಕ್ಕೆ ಬಹಳ ಕಾಲ ಹಿಡಿಯದು. ತಾನು ಬೇಡುವ ಹಕ್ಕನ್ನೇ ನೆರೆಯವನಿಗೆ ನಿರಾಕರಿಸಿದಾಗ ಮೊದಲನೆಯ ಅರ್ಥವು ಅಳಿದು ಎರಡನೆಯದು ಉಳಿಯುವದು. ಭಾಷೆ, ವರ್ಗ, ಮತಗಳ ಅಭಿಮಾನವು ದೇಶಾಭಿಮಾನಕ್ಕೆ ಬಾಧಕವಾಗುವದೂ ಅಲ್ಲಿಯೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಇದಕ್ಕೆ ಪ್ರತ್ಯಕ್ಷ ದೃಷ್ಟಾಂತ.

ಕೃಷ್ಣೆಯೂ ದೂಧಗಂಗೆಯೂ ಹರಿಯುವ ಈ ನೆಲದಲ್ಲಿ ಒಂದೇ ಓಣಿಯಲ್ಲಿ ಎರಡು ನುಡಿಗಳು ಕೇಳಿಬರುತ್ತವೆ. ರಾಯಬಾಗವು ಹಿಂದೆ ಕೊಲ್ಹಾಪುರ ಸಂಸ್ಥಾನದ್ದು. ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ವ್ಯಾಜ್ಯವೂ ಕೂಡಿಯೇ ಬಂದಿತು. 1967ರಲ್ಲಿ ಮಹಾಜನ ಆಯೋಗವು ಬೆಳಗಾವಿ ನಗರ ಇತ್ತಲೇ ಇರಲಿ, ನಿಪ್ಪಾಣಿ ಮೊದಲಾದ ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ, ಸೊಲ್ಲಾಪುರ ಅಕ್ಕಲಕೋಟೆಗಳು ಇತ್ತ ಬರಲಿ ಎಂದು ಶಿಫಾರಸು ಮಾಡಿತು. ಮಹಾರಾಷ್ಟ್ರವು ಒಪ್ಪಲಿಲ್ಲ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಆದರೆ ನಿಪ್ಪಾಣಿಯು ಎತ್ತ ಸೇರಿದರೂ ನಿಪ್ಪಾಣಿಯವನ ಪೌರತ್ವವು ಬದಲಾಗದೆಂಬುದನ್ನು ಜಗಳದ ಭರದಲ್ಲಿ ಮರೆಯುತ್ತಾರೆ. ನಮ್ಮ ಸಂವಿಧಾನದಲ್ಲಿ ರಾಜ್ಯಕ್ಕೊಂದು ಪೌರತ್ವವಿಲ್ಲ, ಇರುವದು ಭಾರತದ್ದೊಂದೇ. ರಾಜ್ಯಗಳ ಎಲ್ಲೆಯನ್ನು ಬದಲಿಸುವ ಅಧಿಕಾರವು 3ನೆಯ ಅನುಚ್ಛೇದದಂತೆ ಸಂಸತ್ತಿನದು. ಎಲ್ಲೆ ಎಲ್ಲಿ ಬಿದ್ದರೂ ಯಾರಾದರೊಬ್ಬರು ಅಲ್ಪಸಂಖ್ಯಾತರಾಗುವರೆಂದು ಬಲ್ಲವರು 1956ರಲ್ಲಿಯೇ 350-ಎ ಅನುಚ್ಛೇದವನ್ನು ಸೇರಿಸಿದರು: ಅಂಥವರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ತಾಯಿನುಡಿಯಲ್ಲಿ ದೊರೆಯುವಂತೆ ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದು. ನಿಪ್ಪಾಣಿಯ ಮರಾಠಿ ಶಾಲೆಗೂ ಜತ್ತದ ಕನ್ನಡ ಶಾಲೆಗೂ ಇದೊಂದೇ ಆಧಾರ. ಒಂದು ತಮ್ಮ ಹಕ್ಕು, ಇನ್ನೊಂದು ಪರರ ಮೊಂಡುತನ ಎನ್ನುವವರು ಎರಡೂ ಕಡೆ ಇದ್ದಾರೆ. 2022ರ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಬಸ್ಸುಗಳಿಗೆ ಮಸಿ ಬಳಿದರು. ಬಸ್ಸು ನಿಂತರೆ ಕೊಲ್ಹಾಪುರಕ್ಕೆ ಔಷಧಕ್ಕೆಂದು ಹೊರಟ ಮುದುಕಿಯು ಯಾವ ನುಡಿಯವಳಾದರೂ ದಾರಿಯಲ್ಲಿಯೇ ಕುಳಿತಿರಬೇಕು.

ಹೊಟ್ಟೆಯ ಪ್ರಶ್ನೆಯು ನುಡಿಯ ಭೇದವನ್ನು ಮರೆಯಿಸಿದ ಪ್ರಸಂಗವೂ ಇಲ್ಲಿಯೇ ನಡೆದಿದೆ. ನಿಪ್ಪಾಣಿಯು ಬೀಡಿ ತಂಬಾಕಿನ ದೊಡ್ಡ ಪೇಟೆ. 1981ರಲ್ಲಿ ಶರದ ಜೋಶಿಯವರ ಮುಂದಾಳುತನದಲ್ಲಿ ಬೆಳೆಗಾರರು ಯೋಗ್ಯ ಬೆಲೆಗಾಗಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಬೆಳೆದವನ ನುಡಿ ಯಾವುದೆಂದು ನೋಡಿ ವ್ಯಾಪಾರಿಯು ಬೆಲೆ ಕಟ್ಟುವದಿಲ್ಲವಷ್ಟೆ! ಏಪ್ರಿಲ್ 6ರ ಗೋಲೀಬಾರಿನಲ್ಲಿ ರೈತರು ಪ್ರಾಣ ತೆತ್ತರು. ಆ ಬೇಡಿಕೆಯ ನ್ಯಾಯವನ್ನು ಅಲ್ಲಗಳೆಯಲಾಗದು. ಆದರೆ ಯೋಗ್ಯ ಬೆಲೆ ಕೇಳುವ ಒಕ್ಕಲಿಗನು ತನ್ನ ಹೊಲದ ಹೆಣ್ಣಾಳಿಗೆ ಯೋಗ್ಯ ಕೂಲಿ ಕೊಡುತ್ತಾನೆಯೇ? ವಖಾರಿಯ ಧೂಳಿನಲ್ಲಿ ಕೆಮ್ಮುತ್ತ ದುಡಿಯುವವಳ ಪಾಲೆಷ್ಟು? ಪತಿಯು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನವರನ್ನು ಪೂಜಿಸುವ ಮನೆಗಳಲ್ಲಿಯಾದರೂ ಈ ಲೆಕ್ಕವನ್ನು ನೋಡತಕ್ಕದ್ದು.

ಮತವಂತೂ ನುಡಿಯ ಗಡಿಯೊಳಗೆ ನಿಲ್ಲದು. ಸೊಲ್ಲಾಪುರದ ಸಿದ್ಧರಾಮೇಶ್ವರರು ವಚನ ನುಡಿದುದು ಕನ್ನಡದಲ್ಲಿ. ಮನ್ಮಥಸ್ವಾಮಿಗಳು ‘ಪರಮರಹಸ್ಯ’ವನ್ನು ಬರೆದುದು ಮರಾಠಿಯಲ್ಲಿ. ಇಬ್ಬರಿಗೂ ಕೈಮುಗಿಯುವ ಲಿಂಗಾಯತನನ್ನು ‘ನೀನು ಯಾವ ಕಡೆಯವನು?’ ಎಂದು ಕೇಳಿದರೆ ಅವನು ಏನು ಹೇಳಬೇಕು? ನೆರೆಯ ಜೈನ ಬಾಂಧವರಲ್ಲಿಯೂ ಹೀಗೆಯೇ. ಸದಲಗಾದ ಕನ್ನಡದ ಮನೆಯಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು ‘ಮೂಕಮಾಟಿ’ ಮಹಾಕಾವ್ಯವನ್ನು ಹಿಂದಿಯಲ್ಲಿ ರಚಿಸಿದರು. 2024ರಲ್ಲಿ ಛತ್ತೀಸಗಡದ ಡೋಂಗರಗಡದಲ್ಲಿ ದೇಹವಿಟ್ಟರು.

ಹಾಗೆಂದು ಮತಾಭಿಮಾನವು ನಿರ್ದೋಷವೆನ್ನುವಂತಿಲ್ಲ. ಚುನಾವಣೆ ಬಂದಾಗ ಅಭ್ಯರ್ಥಿಯ ಒಳಪಂಗಡವನ್ನು ಮೊದಲು, ಗುಣವನ್ನು ಆಮೇಲೆ ವಿಚಾರಿಸುವ ರೂಢಿಯು ಎಲ್ಲ ಸಮಾಜಗಳಲ್ಲಿಯೂ ಬೇರೂರಿದೆ. ಬಂದವನ ಮೂಲವನ್ನು ಕೆದಕದೆ ಅವನನ್ನು ಮನೆಯ ಮಗನೆಂದು ಭಾವಿಸಲು ಕಲಿಸಿದ ಬಸವಣ್ಣನವರ ವಚನವನ್ನು ಬೆಳಿಗ್ಗೆ ಪಠಿಸಿ, ಮಧ್ಯಾಹ್ನ ಮತಗಟ್ಟೆಯಲ್ಲಿ ಕೆದಕುವದು ಎಂತಹ ಪಾರಾಯಣವೋ!

ಕಲ್ಯಾಣದ ಶರಣಗಣದಲ್ಲಿ ಮೋಳಿಗೆಯ ಮಾರಯ್ಯನವರು ಸಂಪ್ರದಾಯದಂತೆ ಕಾಶ್ಮೀರದ ಅರಸರು. ಸಿಂಹಾಸನವನ್ನು ಬಿಟ್ಟು ಬಂದು, ಕಟ್ಟಿಗೆ ಮಾರಿ ದಾಸೋಹ ನಡೆಸಿದರು. ಕನ್ನಡದಲ್ಲಿ ವಚನ ನುಡಿದರು. ‘ಮೋಳಿಗೆ’ಯೆಂದರೆ ಕಟ್ಟಿಗೆಯ ಹೊರೆ. ಹುಟ್ಟಿದ ನಾಡೂ ಬಿಟ್ಟ ಪದವಿಯೂ ಅವರ ಹೆಸರಿಗೆ ಅಂಟಲಿಲ್ಲ, ಕಾಯಕವು ಅಂಟಿತು. ಅವರನ್ನು ಪರದೇಶಿಯೆಂದು ದೂರವಿಟ್ಟಿದ್ದರೆ ಆ ವಚನಗಳು ಕನ್ನಡಕ್ಕೆ ದೊರೆಯುತ್ತಿರಲಿಲ್ಲ.

ಇಂದಿನ ಗಡಿಯಲ್ಲಿಯೂ ಕೊಡುಕೊಳ್ಳುವಿಕೆಯು ಒಂದೇ ದಿಕ್ಕಿನದಲ್ಲ. ಬೇಸಗೆಯಲ್ಲಿ ಕೃಷ್ಣೆಯು ಬತ್ತಿದಾಗ ಚಿಕ್ಕೋಡಿ, ರಾಯಬಾಗ, ಅಥಣಿಗಳ ಕುಡಿಯುವ ನೀರಿಗಾಗಿ ಕೊಯ್ನೆಯಿಂದ ಬಿಡಬೇಕೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳುತ್ತ ಬಂದಿದೆ. ಜತ್ತ ತಾಲೂಕಿನ ಬರದ ಹಳ್ಳಿಗಳು ಕರ್ನಾಟಕದ ಕಾಲುವೆಯ ನೀರನ್ನು ಬೇಡುತ್ತ ಬಂದಿವೆ.