ಬೆನ್ನು ತುಳಿಸಿಕೊಳ್ಳಬಹುದೇ?

ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಓದುಗರೇ,

ಪಾಳಿಯುದ್ದಕ್ಕೂ ಲೇತ್ ಮುಂದೆ ಬಗ್ಗಿ ನಿಂತರೆ ಸೊಂಟ ಹಿಡಿಯದೇ ಇರುತ್ತದೆಯೇ? ನೀವು ಕೇಳಿರುವ, 2019ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿ ಸೇರಿದ ಥಾಯ್ ಮಸಾಜ್‌ನಲ್ಲಿ ಸಾಮಾನ್ಯವಾಗಿ ಎಣ್ಣೆ ಹಚ್ಚುವುದಿಲ್ಲ. ಚಾಪೆಯ ಮೇಲೆ ಮಲಗಿಸಿ ಹೆಬ್ಬೆರಳು, ಮೊಣಕೈ, ಪಾದಗಳಿಂದ ಒತ್ತಿ, ಕೈಕಾಲು ಎಳೆಯುತ್ತಾರೆ. ಬಿಗಿದ ಸ್ನಾಯು ಸಡಿಲವಾಗಿ ಸ್ವಲ್ಪ ದಿನ ಹಾಯೆನಿಸುತ್ತದೆ. ‘ವಿಷ ಹೊರಹೋಗುತ್ತದೆ’ ಎಂಬುದು ಬರೀ ಜಾಹೀರಾತು. ನಮ್ಮ ಅಭ್ಯಂಗದ ಬೆಚ್ಚನೆ ಎಳ್ಳೆಣ್ಣೆಗೆ ಖರ್ಚೂ ಕಡಿಮೆ.

ಆದರೆ ಎಡಗಾಲು ಜೋಮು ಹಿಡಿಯುತ್ತದೆ ಎಂದಿದ್ದೀರಲ್ಲ, ನನಗೆ ಯೋಚನೆ ಅದರದೇ. ನರ ಒತ್ತಿಕೊಂಡಿರಬಹುದು. ಮೊದಲು ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಬೆನ್ನು ತುಳಿಸಿಕೊಳ್ಳಬೇಡಿ. ಕುತ್ತಿಗೆ ಲಟಕ್ಕೆನಿಸುವುದಂತೂ ಬೇಡವೇ ಬೇಡ. ಮೂತ್ರ ಕಟ್ಟಿದರೆ, ಕಾಲು ಸೋತರೆ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ. ಮೇಲ್ವಿಚಾರಕರಿಗೆ ಹೇಳಿ ಯಂತ್ರದ ಎತ್ತರವನ್ನೂ ಸರಿಮಾಡಿಸಿಕೊಳ್ಳಿ.