ಕಲೆ ಬೇರೆ, ಪಾಚಿ ಬೇರೆ: 8ನೇ ತರಗತಿಯ ಅಭ್ಯಾಸ ಪಾಠ

ಪೂರ್ವಜ್ಞಾನ: ಮುಳಬಾಗಿಲು ತಾಲ್ಲೂಕಿನ ಶಾಲೆಯೊಂದರಲ್ಲಿ “ಹಲ್ಲು ಕಂದಾಗುವುದೇಕೆ?” ಎಂದು ಕೇಳಿದೆ. “ಉಜ್ಜದಿದ್ದರೆ ಟೀಚರ್” ಎಂದರು ಮಕ್ಕಳು. ಕಪ್ಪುಹಲಗೆಯ ಮೇಲೆ ಎರಡು ಶೀರ್ಷಿಕೆ ಬರೆದು ವಿವರಿಸಿದೆ.

ಕಲೆ: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮಿತಿಯನ್ನು ಮೀರಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದರೆ ಎನಾಮಲ್‌ನಲ್ಲೇ ಕಲೆ ಉಳಿಯುತ್ತದೆ, ಉಜ್ಜಿದರೆ ಹೋಗದು.

ಪಾಚಿ: ಇದು ಬ್ಯಾಕ್ಟೀರಿಯಾಗಳ ಪದರ. ಒಸಡು ಕೆಂಪಾಗಿ ಊದಿ ರಕ್ತ ಬರುವುದು ಉರಿಯೂತದ ಗುರುತು. ರಕ್ತ ಬಂತೆಂದು ಉಜ್ಜುವುದನ್ನು ಬಿಡಬಾರದು. ಆರಂಭದಲ್ಲಿ ದಿನಕ್ಕೆ 2 ಬಾರಿ ಮೃದುವಾಗಿ ಉಜ್ಜಿದರೆ ಗುಣವಾಗುತ್ತದೆ. ಗಟ್ಟಿಯಾದ ಪಾಚಿಯನ್ನು ದಂತವೈದ್ಯರು ಶಸ್ತ್ರಚಿಕಿತ್ಸೆಯಿಲ್ಲದೆ, ಸ್ಕೇಲಿಂಗ್ ಮಾಡಿ ತೆಗೆಯುತ್ತಾರೆ.

ಮೌಲ್ಯಮಾಪನ: “ಹಾಗಾದರೆ ಕಂದು ಹಲ್ಲಿನವರು ಕೊಳಕರಲ್ಲ, ಅಲ್ವಾ ಟೀಚರ್?” ಎಂದಳು ಹಿಂದಿನ ಸಾಲಿನ ಹುಡುಗಿ. ಪಾಠದ ಉದ್ದೇಶ ಈಡೇರಿತ್ತು.